ಸ್ವಂತಪ್ಪನ ಮನೆಯ ಸರ್ಕಾರ

ಬಡಗಿಗೆ ಹೆತ್ತವರು ಇಟ್ಟ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ! ಬೀದಿಗೆಲ್ಲ ಅವನು ಸ್ವಂತಪ್ಪ. ಚರಂಡಿಯ ಮೇಲಿನ ಹಲಗೆ ಮುರಿದಾಗ ನೆರೆಹೊರೆಯವರು ಪುರಸಭೆಗೆ ಅರ್ಜಿ ಕೊಡೋಣ ಎಂದು ಸಭೆ ಸೇರಿದರೆ, ಇವನು "ಯಾಕೆ, ನಮ್ಮ ಸ್ವಂತ ಕೈ ಏನು ಸಂತೆಗೆ ಹೋಗಿದ್ಯಾ?" ಎನ್ನುತ್ತಿದ್ದ. ಅವರು ಮಾತು ಮುಗಿಸುವಷ್ಟರಲ್ಲಿ ಹೊಸ ಹಲಗೆ ಬಿದ್ದಿರುತ್ತಿತ್ತು.

ಸರ್ಕಾರವೇ ಬೇಡ ಎನ್ನುವ ಹುಂಬನಲ್ಲ. "ಕಳ್ಳ ಬಂದ್ರೆ ಪೊಲೀಸು ಬೇಕು, ಕುಡಿಯೋಕೆ ನಲ್ಲಿ ನೀರು ಬೇಕು. ಹಾಗಂತ ಅಡುಗೆಮನೆಗೂ ಬಂದು ಸೌಟು ಹಿಡೀಬೇಕಾ?" ಎಂದು ಕೇಳುತ್ತಿದ್ದ. ಒಮ್ಮೆ ಪುರಸಭೆಯವರು ತಾವಾಗಿಯೇ ಬಂದು ಅವನ ಗಟ್ಟಿಮುಟ್ಟಾದ ಹಲಗೆ ಕಿತ್ತು, ಎಲ್ಲರೂ ಎಡವುವಂಥ ಕಲ್ಲುಚಪ್ಪಡಿ ಹಾಕಿ ಹೋದರು. "ಚೆನ್ನಾಗಿದ್ದದ್ದನ್ನ ಕೀಳೋಕೆ ನಿಮ್ಮನ್ನ ಕರೆದೋರು ಯಾರು?" ಎಂದು ಸ್ವಂತಪ್ಪ ಬೀದಿಯಲ್ಲಿ ನಿಂತು ಕೂಗಿದ್ದು ಎಲ್ಲರಿಗೂ ಕೇಳಿಸಿತ್ತು.

ಇಂಥವನಿಗೆ ಒಬ್ಬಳೇ ಮಗಳು. ಮರದ ಹೊಟ್ಟಿನಲ್ಲಿ ಆಡಿ ಬೆಳೆದವಳು, ಅಪ್ಪನಿಂದಲೇ ಉಳಿ ಹಿಡಿಯಲು ಕಲಿತು ಈಗ ಮನೆ ಪಕ್ಕದ ಕೆಲಸದ ಕೊಟ್ಟಿಗೆಯಲ್ಲಿ ಕುರ್ಚಿ ಮಾಡುತ್ತಿದ್ದಳು. ಆದರೆ ಅವಳು ಊಟಕ್ಕೆ ಒಳಗೆ ಹೋದದ್ದೇ ತಡ, ಸ್ವಂತಪ್ಪ ಕುರ್ಚಿಯನ್ನು ಬೋರಲು ಹಾಕಿ, ಕಾಲು ಬಿಗಿಯಲು ಅವಳು ಹೊಡೆದ ಮರದ ಕೀಲು ಕಿತ್ತು ತನ್ನದನ್ನು ಹೊಡೆಯುತ್ತಿದ್ದ. ಮಗಳ ಹೆಸರು ಕೆಡಬಾರದೆಂಬ ಪ್ರೀತಿ. ಪ್ರೀತಿಯೇ, ಅನುಮಾನವಿಲ್ಲ, ಬೇರೇನಾದರೂ ಆಗಿದ್ದರೆ ಯಾರಾದರೂ ಬೈದು ಬಿಡಿಸುತ್ತಿದ್ದರು.

ಒಂದು ದಿನ ಅವಳು ಮರೆತ ಕನ್ನಡಕಕ್ಕೆಂದು ವಾಪಸು ಬಂದಳು. ಕುರ್ಚಿಯ ಕಾಲು ಅಪ್ಪನ ಕೈಯಲ್ಲಿತ್ತು.

"ಏನಪ್ಪಾ ತಪ್ಪಾಗಿತ್ತು ಅದರಲ್ಲಿ?"

"ತಪ್ಪೇನಿಲ್ಲ ಕಣಮ್ಮ. ಸ್ವಲ್ಪ ಬಿಗಿ ಮಾಡ್ದೆ."

"ಇದೊಂದನ್ನೇನಾ?"

ಅವನು ಕಣ್ಣು ತಪ್ಪಿಸಿ ಕಾಲನ್ನು ಕೆಳಗಿಟ್ಟ. ಅವಳ ಮುಖ ಬಾಡಿತು. "ಹಾಗಾದ್ರೆ ನಾನು ಮಾಡಿದ್ದು ಅಂತ ಊರಲ್ಲಿ ಒಂದು ಕುರ್ಚಿನೂ ಇಲ್ಲ. ನಾಳೆಯಿಂದ ಬೇರೆ ಕಡೆ ಕೆಲಸ ನೋಡ್ಕೋತೀನಿ."

ಮಗಳಿಲ್ಲದ ಕೊಟ್ಟಿಗೆಯಲ್ಲಿ ತಾನೊಬ್ಬನೇ ಮರ ಕುಯ್ಯುವುದನ್ನು ನೆನೆದೇ ಸ್ವಂತಪ್ಪ ಉಳಿಯನ್ನು ಅಲ್ಲೇ ಬಿಟ್ಟು ಎದ್ದ. ಹೆಂಡತಿಯ ಹತ್ತಿರ ಹೋಗಿ, "ನೀನಾದ್ರೂ ಹೇಳೇ" ಎಂದ.

"ಏನು ಹೇಳಲಿ? ಹಲಗೆ ಕಿತ್ತೋರಿಗೆ ನೀವು ಏನಂದ್ರಿ, ನೆನಪು ಮಾಡ್ಕೊಳ್ಳಿ. ಬೀದೀಲಿ ಸರ್ಕಾರ ಕಡಿಮೆ ಇರಬೇಕು ನಿಮಗೆ. ಮನೇಲಿ ಮಾತ್ರ ಹೆಜ್ಜೆ ಹೆಜ್ಜೆಗೂ ನಿಮ್ಮದೇ ಸರ್ಕಾರ!"

ಅವನಿಗೆ ಸಿಟ್ಟು ಬರಬೇಕಿತ್ತು, ನಾಚಿಕೆ ಬಂತು.

ಕ್ಷಮೆ ಕೇಳಿ ಅಭ್ಯಾಸವಿಲ್ಲದ ಬಾಯಿ. ಮಗಳ ಮುಂದೆ ನಿಂತು, "ಈ ಕುರ್ಚಿ ನೀನೇ ಮುಗಿಸು. ನಾನು ಮುಟ್ಟಲ್ಲ," ಎಂದಷ್ಟೇ ಹೇಳಿದ.

"ಕಾಲು ಮುರಿದ್ರೆ?"

"ನಿನ್ನ ಕುರ್ಚಿ, ನಿನ್ನ ಹೊಣೆ."

ಅವಳು ಕೀಲು ಹೊಡೆಯುವ ಮರದ ಕೊಡತಿ ಎತ್ತಿಕೊಂಡಳು. ಸ್ವಂತಪ್ಪ ಹೊರಗಿನ ಮೆಟ್ಟಿಲ ಮೇಲೆ ಕೊಟ್ಟಿಗೆಗೆ ಬೆನ್ನು ಹಾಕಿ ಕುಳಿತ. ಕೀಲು ವಾರೆಯಾಗಿ ಇಳಿಯುತ್ತಿರುವುದು ಏಟಿನ ಸದ್ದಿನಲ್ಲೇ ಗೊತ್ತಾಯಿತು. ಮಾತು ತುದಿನಾಲಿಗೆಗೆ ಬಂತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕಣ್ಣು ದೊಡ್ಡದು ಮಾಡಿದಳು. ಮಾತನ್ನು ನುಂಗಿದ. ಒಳಗೆ ಏಟು ನಿಂತಿತು. ಮಗಳು ತಾನೇ ಕೀಲು ಕಿತ್ತು ಮತ್ತೆ ಹೊಡೆಯತೊಡಗಿದಳು. ಈ ಸಲ ಸದ್ದು ಸರಿಯಾಗಿತ್ತು. ಅವನ ಕಣ್ಣು ತುಂಬಿ ಬಂತು.

"ಅಪ್ಪಾ, ಒಂಚೂರು ಬಾ. ಕಾಲು ಹಿಡ್ಕೋಬೇಕು."

ಚಪ್ಪಲಿಯನ್ನೂ ಮೆಟ್ಟದೆ ಓಡಿದ.

"ಹಿಡ್ಕೊಂಡ್ರೆ ಸಾಕು," ಎಂದಳು ಮಗಳು.

ಸ್ವಂತಪ್ಪ ಬಾಯಿ ಮುಚ್ಚಿಕೊಂಡು, ಎರಡೂ ಕೈಯಲ್ಲಿ ಹಿಡಿದುಕೊಂಡ.