ಹಿಂದಿನ ಎಡಬಾಗಿಲು

ಗುದ್ದಿದ್ದು ವ್ಯಾನು. ಗುದ್ದಿಸಿಕೊಂಡದ್ದು ಹದಿನಾಲ್ಕು ವರ್ಷದ ಹಳೇ ಕಾರು. ಬೈಗುಳ ತಿಂದದ್ದು ಮಾತ್ರ ಕಾರು ಓಡಿಸುತ್ತಿದ್ದವಳು.

ಅತ್ತೆಯ ಡಯಾಲಿಸಿಸ್ ಮುಗಿಸಿಕೊಂಡು ಮನೆಗೆ ಬರುವ ದಾರಿ. ಬ್ಯಾಂಕಿನ ಪಕ್ಕದ ಸಣ್ಣ ರಸ್ತೆಯಿಂದ ಸಾಮಾನು ಸಾಗಿಸುವ ವ್ಯಾನೊಂದು ಹಿಂದೆ ಮುಂದೆ ನೋಡದೆ ನುಗ್ಗಿ ಕಾರಿನ ಎಡ ಪಕ್ಕೆಗೆ ಬಡಿಯಿತು. ಹಿಂದಿನ ಬಾಗಿಲು ಹಲ್ಲಿಲ್ಲದವರ ಕೆನ್ನೆಯ ಹಾಗೆ ಒಳಗೆ ಹೋಯಿತು. ಅಲ್ಲೇ ಕೂತಿದ್ದ ಅತ್ತೆಗೆ ಏನೂ ಆಗಲಿಲ್ಲ. ಕನ್ನಡಕ ಮಡಿಲಿಗೆ ಬಿತ್ತು, ಅಷ್ಟೆ. ವ್ಯಾನಿನವನು ಇಳಿದು ಬಂದು, "ಹೆಂಗಸರ ಕೈಗೆ ಗಾಡಿ ಕೊಟ್ಟೋರ್ನ ಹೇಳ್ಬೇಕು," ಎಂದ. ಅವಳು ಅವನ ಗಾಡಿಯ ನಂಬರನ್ನು ಅಂಗೈ ಮೇಲೆ ಬರೆದುಕೊಂಡಳು. ಅತ್ತೆ ಕನ್ನಡಕ ಏರಿಸಿಕೊಂಡು, "ನಾನು ಅವತ್ತೇ ಹೇಳಿದ್ದೆ," ಎಂದರು. ಯಾವತ್ತು, ಏನು ಎಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಬೀದಿಯಲ್ಲಿ ಅವಳಿಗೆ ಡ್ರೈವರಮ್ಮ ಎಂದೇ ಹೆಸರು. ಪ್ರೀತಿಯಿಂದ ಇಟ್ಟದ್ದಲ್ಲ. ನಾಲ್ಕು ವರ್ಷದ ಹಿಂದೆ ಅತ್ತೆಯ ಕಿಡ್ನಿ ಕೈಕೊಟ್ಟಾಗ, "ವಾರಕ್ಕೆ ಎರಡು ದಿನ ರಜಾ ಕೊಡೋಕೆ ಆಫೀಸು ನಮ್ಮಪ್ಪಂದಲ್ಲ," ಎಂದು ಗಂಡ ಕೈ ತೊಳೆದುಕೊಂಡ. ಮೂವತ್ತೆಂಟನೇ ವಯಸ್ಸಿನಲ್ಲಿ ಅವಳು ಡ್ರೈವಿಂಗ್ ಕಲಿತು ಲೈಸೆನ್ಸ್ ಪಡೆದಳು. ಕಲಿತ ಮೇಲೆ ಮಕ್ಕಳ ಶಾಲೆ, ಗ್ಯಾಸ್ ಸಿಲಿಂಡರ್, ನಾದಿನಿ ಬಂದರೆ ರೈಲ್ವೆ ಸ್ಟೇಷನ್ನು, ಗಂಡನ ಬೆಳಗಿನ ಬಸ್‌ಸ್ಟಾಪು ಎಲ್ಲವೂ ಅವಳ ತಲೆಗೇ ಬಂತು. ಗಂಡ ಭಾನುವಾರ ಬೀದಿಯವರೆಲ್ಲ ನೋಡುವ ಹಾಗೆ ಕಾರು ತೊಳೆಯುತ್ತಿದ್ದ. ಆ ಒಂದು ಬಕೆಟ್ ನೀರಿಗೆ ಕಾರು ಅವನದಾಗಿಯೇ ಉಳಿದಿತ್ತು.

ಆದರೆ ಅವಳಿಗೆ ಬೇಕಾದ್ದೂ ಆ ಕಾರಿನಲ್ಲಿ ಸಿಕ್ಕಿತ್ತು. ಅತ್ತೆಯನ್ನು ಮೆಷಿನ್ನಿಗೆ ಒಪ್ಪಿಸಿದರೆ ನಾಲ್ಕು ಗಂಟೆ ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಮರದ ಕೆಳಗೆ ಕಾರು ನಿಲ್ಲಿಸಿ, ಗಾಜು ಎರಡು ಬೆರಳಷ್ಟು ಇಳಿಸಿ, ಟೈಲರ್ ಅಂಗಡಿಯಿಂದ ತಂದ ಸ್ಕೂಲ್ ಪ್ಯಾಂಟುಗಳ ಕಾಲು ಮಡಚಿ ಹೊಲಿಯುತ್ತಿದ್ದಳು. ಒಮ್ಮೊಮ್ಮೆ ಹೊಲಿಯದೆ ಸುಮ್ಮನೆ ಕೂರುತ್ತಿದ್ದಳು. ಮೂರು ಕೋಣೆಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರಲು ಅವಳಿಗೊಂದು ಮೂಲೆ ಇರಲಿಲ್ಲ. ಕಾರಿಗೆ ನಾಲ್ಕು ಬಾಗಿಲುಗಳಿದ್ದವು.

ಗುದ್ದಿದ ದಿನ ಸಂಜೆ ಗಂಡ ಬಂದವನೇ ಚಪ್ಪಲಿ ಕೂಡ ಬಿಡದೆ ಕಾರಿಗೆ ಸುತ್ತು ಹಾಕಿದ.

"ಕಣ್ಣು ಎಲ್ಲಿಟ್ಟಿದ್ದೆ?"

"ರೀ, ಪಕ್ಕಕ್ಕೆ ಏಟು ಬಿದ್ದಿದೆ. ನಾನು ಗುದ್ದಿದ್ರೆ ಮೂತಿಗೆ ಬೀಳ್ತಿತ್ತು."

"ಎದುರು ಮಾತಾಡೋದೊಂದು ಕಲ್ತಿದೀಯ."

ಒಳಗಿನಿಂದ ಅತ್ತೆ, "ಅವಳು ಮಾತಾಡ್ತಾನೇ ಓಡಿಸ್ತಾಳೆ ಕಣೋ," ಎಂದು ಒಗ್ಗರಣೆ ಹಾಕಿದರು. ದಾರಿಯುದ್ದಕ್ಕೂ ಮಾತಾಡುತ್ತಿದ್ದವರು ಅವರೇ.

ಗಂಡ ಅವಳ ಕೈಯಿಂದ ಕೀ ಕಿತ್ತು ಜೇಬಿಗಿಳಿಸಿದ. "ಇನ್ನು ನೀನು ಸ್ಟಿಯರಿಂಗ್ ಮುಟ್ಟೋ ಹಾಗಿಲ್ಲ. ಇನ್ಶೂರೆನ್ಸಲ್ಲಿ ರಿಪೇರಿ ಮಾಡ್ಸಿ ಮಾರಿಬಿಡ್ತೀನಿ."

"ಅತ್ತೇನ ಯಾರು ಕರ್ಕೊಂಡು ಹೋಗ್ತಾರೆ?"

"ಆಸ್ಪತ್ರೆ ವ್ಯಾನಿದೆಯಲ್ಲ, ಫೋನ್ ಮಾಡಿ ಕರ್ಸು. ಜೊತೇಲಿ ಹೋಗು. ಅಷ್ಟೂ ಆಗಲ್ವಾ?"

ಕೆಲಸ ಅವಳದಾಗಿಯೇ ಉಳಿಯಿತು. ಹೋದದ್ದು ಕೀ ಮಾತ್ರ. ಆಸ್ಪತ್ರೆಯ ವ್ಯಾನು ಇಬ್ಬರನ್ನೂ ಇಳಿಸಿ ಹೋದರೆ ಆ ನಾಲ್ಕು ಗಂಟೆ ವರಾಂಡದ ಬೆಂಚು, ಅತ್ತೆ ಅರೆ ಗಳಿಗೆಗೊಮ್ಮೆ ಹೇಳಿ ಕಳಿಸುವ ನೀರು, ಹೊದಿಕೆ, ದೂರು. ರಾತ್ರಿ ಪಾತ್ರೆ ತಿಕ್ಕುವಾಗ ಅವಳು ಇದನ್ನೇ ಯೋಚಿಸುತ್ತಿದ್ದಳು. ಬೋಗುಣಿಯೊಂದು ಅನಗತ್ಯವಾಗಿ ಫಳಫಳ ಹೊಳೆಯಿತು.

ಕ್ಲೇಮ್ ಫಾರಂ ಅನ್ನು ಗಂಡ ತಾನೇ ತುಂಬಲು ಕೂತ. ಮದುವೆಯಾದ ಮೇಲೆ ಅವನು ತುಂಬಿದ ಮೊದಲ ಫಾರಂ ಅದು. ಪೆನ್ನು ಎಲ್ಲಿದೆ ಎಂದು ಕೇಳಿದ, ಕೊಟ್ಟಳು. ಓಡಿಸುತ್ತಿದ್ದವರು ಯಾರು ಎಂಬಲ್ಲಿ ತನ್ನ ಹೆಸರನ್ನೇ ಬರೆದ. "ಗಂಡಸಿನ ಹೆಸರಿದ್ರೆ ಪ್ರಶ್ನೆ ಕಮ್ಮಿ. ಆಫೀಸಲ್ಲೂ ನಗೋದು ತಪ್ಪುತ್ತೆ," ಎಂದ. ಪರ್ಸಿನಿಂದ ಲೈಸೆನ್ಸ್ ತೆಗೆದು ಕೆಳಗಿನ ನಂಬರನ್ನು ಒಂದೊಂದಾಗಿ ಇಳಿಸಿದ. ಮೇಲಿನ ತಾರೀಕನ್ನು ನೋಡಲಿಲ್ಲ.

ಆ ಮನೆಯಲ್ಲಿ ತಾರೀಕು ನೋಡುವುದು ಅವಳ ಕೆಲಸ. ಮಾತ್ರೆಯ ಪಟ್ಟಿ, ಕರೆಂಟ್ ಬಿಲ್ಲು, ಮಕ್ಕಳ ಚುಚ್ಚುಮದ್ದು, ಕಾರಿನ ಇನ್ಶೂರೆನ್ಸು. ಲೈಸೆನ್ಸಿನ ಅವಧಿ ಮುಗಿಯುತ್ತದೆಂದು ಮೂರು ವರ್ಷದ ಹಿಂದೆ ಮೂರು ಸಲ ಹೇಳಿದ್ದಳು. "ನೀನೇ ಮಾಡ್ಸು," ಎಂದಿದ್ದ. ಫೋಟೋಗೆ ಅವನೇ ಹೋಗಿ ಕೂರಬೇಕಿತ್ತು. ಅವನ ಮುಖವೊಂದನ್ನು ಅವಳು ಹೊತ್ತುಕೊಂಡು ಹೋಗುವಂತಿರಲಿಲ್ಲ. ನಾಲ್ಕನೇ ಸಲ ಹೇಳಲಿಲ್ಲ. ಇವತ್ತೂ ಹೇಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಡ್ರಾಯರಿನಲ್ಲಿಟ್ಟಳು.

ಎರಡು ದಿನ ಬಿಟ್ಟು ಇನ್ಶೂರೆನ್ಸಿನ ಸರ್ವೇಯರ್ ಬಂದ. ಜಗತ್ತೇ ತನಗೆ ಸುಳ್ಳು ಹೇಳುತ್ತದೆಂದು ಗೊತ್ತಿದ್ದ ಮುಖ. ಬಾಗಿಲ ಅಂಚಿಗೆ ಬೆರಳಾಡಿಸಿದ, ಎರಡು ಬಾಗಿಲ ನಡುವಿನ ಕಂಬಕ್ಕೆ ಟಾರ್ಚ್ ಬಿಟ್ಟ, ಮಂಡಿಯೂರಿ ತಳ ನೋಡಿದ. "ಕಂಬ ನೆಟ್ಟಗಿದೆ. ಬಾಗಿಲು ಬದಲಾಯಿಸಿದ್ರೆ ಸಾಕು," ಎಂದು ಎದ್ದು ಮಂಡಿ ಕೊಡವಿದ. ಫಾರಂ ನೋಡಿದ. ಲೈಸೆನ್ಸ್ ಕೇಳಿದ. ಅದನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ.

"ಓಡಿಸ್ತಿದ್ದೋರು ನೀವೇನಾ ಸರ್?"

"ನಾನೇ. ಹದಿನೈದು ವರ್ಷದ ಅನುಭವ."

"ಈ ತಾರೀಕು ಸ್ವಲ್ಪ ಓದಿ ಹೇಳಿ."

ಗಂಡ ಓದಿದ. ಗಟ್ಟಿಯಾಗಿ ಶುರುಮಾಡಿದವನು ವರ್ಷಕ್ಕೆ ಬರುವಷ್ಟರಲ್ಲಿ ದನಿ ಇಳಿಸಿದ.

ಹೊಸ್ತಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅತ್ತೆ, ಮಗ ಸೋಲುತ್ತಿದ್ದಾನೆಂದು ತಿಳಿದು ದನಿ ಏರಿಸಿದರು. "ನನ್ನ ಮಗನೇ ಓಡಿಸ್ತಿದ್ದಿದ್ದು! ನಾನು ಹಿಂದೆ ಕೂತಿದ್ದೆ. ದೇವರಾಣೆ!"

"ಅಮ್ಮಾ," ಎಂದ ಸರ್ವೇಯರ್, "ನೀವು ಇನ್ನೊಂದ್ಸಲ ಆಣೆ ಇಟ್ರೆ ನಿಮ್ಮ ಮಗ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬೇಕಾಗುತ್ತೆ."

ಅತ್ತೆ ಬಾಯಿ ಮುಚ್ಚಿದರು. ನಾಲ್ಕು ವರ್ಷದಲ್ಲಿ ಡಾಕ್ಟರಿಗೂ ಆಗದ ಕೆಲಸ.

ಗಂಡ ಹಲ್ಲು ಕಿರಿದ. "ಅದೇನಂದ್ರೆ ಸರ್, ಓಡಿಸ್ತಿದ್ದಿದ್ದು ನಮ್ಮನೆಯವಳು. ನಾನು ಪಕ್ಕದಲ್ಲಿ ಕೂತು ಹೇಳ್ಕೊಡ್ತಿದ್ದೆ."

"ಒಂದೇ ಗಾಡಿಗೆ ಎಷ್ಟು ಕಥೆ ಸರ್?" ಸರ್ವೇಯರ್ ಫಾರಂ ಹರಿದು ಅವನ ಕೈಗೇ ಇಟ್ಟ. "ಇದನ್ನ ನಾನು ನೋಡಿಲ್ಲ. ಓಡಿಸ್ದೋರು ಅವರ ಕೈಯಾರೆ ಬರೆದು ಸಹಿ ಹಾಕ್ಲಿ. ಇಲ್ಲಾಂದ್ರೆ ಬಾಗಿಲು ನೀವೇ ಹಾಕಿಸ್ಕೊಳ್ಳಿ."

ಹೊಸ ಫಾರಂ ಬಾನೆಟ್ಟಿನ ಮೇಲೆ ಬಂತು. ಗಂಡ ಅವಳ ಕಡೆ ನೋಡದೆ, "ಬರೀ," ಎಂದ. ಹಸಿದವರಿಗೆ ಅನ್ನ ಹಾಕುವವನ ಧಾಟಿ.

ಅವಳು ಕೈ ಕಟ್ಟಿಕೊಂಡು ನಿಂತೇ ಇದ್ದಳು. "ಕೀ ಎಲ್ಲಿ?"

"ಬರೆಯೋಕೆ ಕೀ ಯಾಕೆ?"

"ಓಡಿಸ್ದೋಳು ನಾನು ಅಂತ ಬರೀಬೇಕಲ್ಲ. ಇನ್ಮುಂದೆ ಓಡಿಸೋಳೂ ನಾನೇ ಆಗಿರ್ಬೇಕು. ಮಾರೋ ಮಾತೂ ಬೇಡ."

"ಹೊರಗಿನೋರ ಎದುರು ಮರ್ಯಾದೆ ತೆಗೀತಿದೀಯ."

"ನಾನು ತೆಗೆಯೋಕೆ ಏನಾದ್ರೂ ಉಳಿಸಿದೀರಾ?"

ಸರ್ವೇಯರ್ ಇದ್ದಕ್ಕಿದ್ದಂತೆ ಹಿಂದಿನ ಟೈರನ್ನು ಬಹಳ ಗಮನವಿಟ್ಟು ನೋಡತೊಡಗಿದ. ಗಂಡ ಜೇಬಿಗೆ ಕೈ ಹಾಕಿ ಕೀಯನ್ನು ಬಾನೆಟ್ಟಿನ ಮೇಲೆ ಬಿಸಾಡಿದ. ಅದು ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಡುವನೇನೋ ಎಂದು ಅವಳು ಒಂದು ಗಳಿಗೆ ನೋಡಿದಳು. ಆಮೇಲೆ ತಾನೇ ಬಗ್ಗಿ ಎತ್ತಿಕೊಂಡು ಮುಷ್ಟಿಯಲ್ಲಿಟ್ಟುಕೊಂಡೇ ಬರೆದಳು.

ಮಾಲೀಕರಿಗೂ ಚಾಲಕರಿಗೂ ಸಂಬಂಧ ಎಂಬಲ್ಲಿ ಮೂರು ಚೌಕಗಳಿದ್ದವು: ಸ್ವತಃ, ಕುಟುಂಬದವರು, ಸಂಬಳದ ಚಾಲಕ.

"ಸಂಬಳ ಇಲ್ಲದ ಚಾಲಕಿಗೆ ಚೌಕ ಇಲ್ವಾ?" ಎಂದಳು.

"ಕುಟುಂಬದವರು ಅಂದ್ರೆ ಅದೇ, ತಾಯಿ," ಎಂದ ಸರ್ವೇಯರ್, ಟೈರಿನಿಂದ ಕಣ್ಣೆತ್ತದೆ.

ಗುರುತು ಹಾಕಿದಳು. ನಡೆದದ್ದನ್ನು ಅವಸರವಿಲ್ಲದೆ ಬರೆದಳು. ಬ್ಯಾಂಕು, ಸಣ್ಣ ರಸ್ತೆ, ವ್ಯಾನಿನ ನಂಬರು. ಕೊನೆಗೆ: ಗಾಡಿಯಲ್ಲಿದ್ದವರು ನಾನು ಮತ್ತು ನನ್ನ ಅತ್ತೆ. ಬೇರೆ ಯಾರೂ ಇರಲಿಲ್ಲ.

ಗಂಡ ಭುಜದ ಮೇಲಿಂದ ಬಗ್ಗಿ ಓದಿದ. "ನೀನು ಓಡಿಸೋ ಗಾಡೀಲಿ ಇನ್ನು ನಾನು ಕೂರಲ್ಲ."

"ಬಸ್‌ಸ್ಟಾಪು ಹತ್ತೇ ನಿಮಿಷದ ನಡಿಗೆ. ಕೊಡೆ ತಗೊಂಡು ಹೋಗಿ."

ಮರುದಿನ ಡಯಾಲಿಸಿಸ್. ಮಗನ ಮಾನ ಕಳೆದವಳ ಜೊತೆ ಬರುವುದಿಲ್ಲವೆಂದು ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದರು. "ಎಂಟೂಕಾಲಿಗೆ ಹೊರಡ್ತೀನಿ ಅತ್ತೆ. ವ್ಯಾನ್ ಬೇಕಿದ್ರೆ ನಿಮ್ಮ ಮಗನಿಗೆ ಫೋನ್ ಮಾಡೋಕೆ ಹೇಳಿ," ಎಂದು ಅವಳು ಫೈಲು, ನೀರಿನ ಬಾಟಲಿ ಕಾರಿಗೆ ತುಂಬಿದಳು. ಮಗನಿಗೆ ಆಸ್ಪತ್ರೆಯ ನಂಬರೇ ಗೊತ್ತಿರಲಿಲ್ಲ. ಎಂಟು ಹತ್ತಕ್ಕೆ ಅತ್ತೆ ಬಂದರು. ಎಡಬಾಗಿಲನ್ನು ಹಗ್ಗದಲ್ಲಿ ಕಟ್ಟಿದ್ದರಿಂದ ಬಲಗಡೆಯಿಂದ ಹತ್ತಿ, ಸೊಸೆಯ ಬೆನ್ನ ಹಿಂದೆಯೇ ಕೂರಬೇಕಾಯಿತು. ಬೈಗುಳ ಗೇಟಿನಲ್ಲೇ ಶುರುವಾಯಿತು. ತವರಿನಿಂದ ಹಿಡಿದು ತಲೆ ಬಾಚಿದ ರೀತಿಯವರೆಗೆ ಯಾವುದನ್ನೂ ಅವರು ಬಿಡಲಿಲ್ಲ. ಅವಳು ಬ್ಯಾಂಕಿನ ಪಕ್ಕದ ಸಣ್ಣ ರಸ್ತೆಯ ಬಾಯಲ್ಲಿ ನಿಧಾನ ಮಾಡಿ, ಅದರೊಳಕ್ಕೆ ಒಮ್ಮೆ ನೋಡಿ, ಉದ್ದಕ್ಕೆ ಹಾರ್ನ್ ಹೊಡೆದು ಮುಂದೆ ಹೋದಳು.