ನಲವತ್ತೊಂದನೆಯ ನೆಗೆಟಿವ್‌ನಲ್ಲಿ ಒಬ್ಬರಿದ್ದರು

ಬೆಳಗಿನ ಐದು ಗಂಟೆ. ಉಡುಪಿಯ ಬಸ್ ನಿಲ್ದಾಣ ಇನ್ನೂ ಬಾಯಿ ಬಿಟ್ಟಿಲ್ಲ. ಒಮ್ಮೆ ಬಿಟ್ಟರೆ ರಾತ್ರಿಯವರೆಗೆ ಮುಚ್ಚುವುದೂ ಇಲ್ಲ. ಅದರ ಎದುರಿನ ಹಳೆಯ ಕಟ್ಟಡದ ಮಾಳಿಗೆಯಲ್ಲಿ, ಗಿರಾಕಿಗಳು ಬರುವುದು ನಿಂತು ಹನ್ನೆರಡು ವರ್ಷವಾದ ಸ್ಟುಡಿಯೋ ಒಂದರ ಹಿಂಕೋಣೆಯಲ್ಲಿ, ಸುಗಂಧಿ ಉಸಿರು ಬಿಗಿಹಿಡಿದು ಕುಳಿತಿದ್ದಾರೆ. ಮುಂದೆ ದೀಪ ಹಚ್ಚಿದ ಗಾಜಿನ ಪೆಟ್ಟಿಗೆ, ಅದರ ಮೇಲೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ನೆಗೆಟಿವ್. ಎಡಗೈಯಲ್ಲಿ ಪೆನ್ ಟಾರ್ಚು, ಬಲಗೈಯಲ್ಲಿ ಮೂರೇ ಕೂದಲಿನ ಬ್ರಶ್. ಫ್ಯಾನು ಹಾಕಿಲ್ಲ. ಹಣೆಯ ಬೆವರು ಫಿಲ್ಮಿನ ಮೇಲೆ ಬೀಳಬಾರದೆಂದು ತಲೆಗೆ ಬೈರಾಸು ಸುತ್ತಿದ್ದಾರೆ.

“ಮಾತಾಡಬೇಡಿ,” ಎನ್ನುತ್ತಾರೆ, ಯಾರೂ ಮಾತಾಡದಿದ್ದರೂ. “ಇದರಲ್ಲಿ ಒಬ್ಬರು ಇದ್ದಾರಾ, ಇಲ್ವಾ ಅಂತ ನೋಡ್ತಾ ಇದ್ದೇನೆ.”

ಐದೂ ಮುಕ್ಕಾಲಿಗೆ ಕೆಳಗೆ ಮೊದಲ ಎಕ್ಸ್‌ಪ್ರೆಸ್ ಗುಡುಗುತ್ತದೆ. “ಕಾರ್ಕ್ಳ ಕಾರ್ಕ್ಳ ಕಾರ್ಕ್ಳ, ಕಾರ್ಕಳಾಆಆ!” ಕಂಡಕ್ಟರನ ಈ ಕೂಗಿಗೆ ಊರಿಗೆಲ್ಲ ಬೆಳಗಾದರೆ, ಸುಗಂಧಿಯವರ ಕೆಲಸಕ್ಕೆ ಅದೇ ಸಂಜೆ. ಎಂಜಿನ್ನಿನ ನಡುಕ ಗೋಡೆ ಹತ್ತಿ, ಮೇಜು ಹತ್ತಿ, ಬ್ರಶ್ಶಿನ ತುದಿಗೇ ಬಂದು ಕೂರುತ್ತದೆ. ಹಾಗಾಗಿ ಸಿಗುವುದು ದಿನಕ್ಕೆ ನಲವತ್ತೈದು ನಿಮಿಷ. ಅಷ್ಟರಲ್ಲಿ ಹನ್ನೆರಡು ಚುಕ್ಕಿ ಮುಗಿದರೆ ಒಳ್ಳೆಯ ದಿನ. ಎರಡೇ ಮುಗಿದ ದಿನಗಳೂ ಉಂಟು.

ಸುಗಂಧಿಯವರಿಗೆ ಐವತ್ತನಾಲ್ಕು. ಮನೆ ಮಟ್ಟುವಿನಲ್ಲಿ. ಗಂಡ ದೇವದಾಸ ಊರಿನ ಗುಳ್ಳ ಬದನೆಯ ಬುಟ್ಟಿಗಳನ್ನು ಗೂಡ್ಸ್ ಆಟೋದಲ್ಲಿ ಮಾರ್ಕೆಟ್ಟಿಗೆ ತರುವಾಗ ಇವರೂ ಬುಟ್ಟಿಗಳ ನಡುವೆ ತೂರಿಕೊಂಡು ಬರುತ್ತಾರೆ. “ಹೆಸರು ಸುಗಂಧಿ, ಇಲ್ಲಿಗೆ ಮುಟ್ಟುವಾಗ ಪರಿಮಳ ಬದನೆಕಾಯಿದ್ದು,” ಎಂದು ತಮ್ಮನ್ನು ತಾವೇ ಕೀಟಲೆ ಮಾಡಿಕೊಳ್ಳುತ್ತಾರೆ. ಹದಿನೇಳನೆಯ ವಯಸ್ಸಿನಲ್ಲಿ ಇದೇ ಸ್ಟುಡಿಯೋಗೆ ಟಚಪ್ ಕಲಿಯಲು ಸೇರಿದವರು. ಆಗ ಕಂಪ್ಯೂಟರ್ ಇರಲಿಲ್ಲ. ಹುಡುಗನ ಕಡೆಗೆ ಕಳಿಸುವ ಹುಡುಗಿಯ ಫೋಟೊ ಇವರ ಪೆನ್ಸಿಲ್ಲಿನಡಿ ಹಾದೇ ಹೋಗಬೇಕಿತ್ತು. ಮಚ್ಚೆ, ಮೊಡವೆ, ಸಿಡುಬಿನ ಕಲೆ ಎಲ್ಲವೂ ನೆಗೆಟಿವ್‌ನಲ್ಲೇ ಮಾಯ. ಒಮ್ಮೆ ಕಾಪುವಿನ ಮದುಮಗನೊಬ್ಬ ಮದುವೆಯಾದ ವಾರಕ್ಕೆ ಮಾಳಿಗೆ ಹತ್ತಿ ಬಂದು, “ಇದೆಂತ, ಫೋಟೊದಲ್ಲಿ ಇಲ್ಲದ ಮಚ್ಚೆ ಮನೆಗೆ ಬಂದಿದೆ!” ಎಂದು ಜಗಳ ತೆಗೆದಿದ್ದ.

ಮೂವತ್ತೇಳು ವರ್ಷಗಳಲ್ಲಿ ಒಂದು ಫೋಟೊದ ಮೇಲೂ ಇವರ ಹೆಸರು ಬಂದಿಲ್ಲ. ಆ ಬಗ್ಗೆ ಬೇಸರವೂ ಇಲ್ಲ. “ಚುಕ್ಕಿ ತೆಗೆದವಳ ಹೆಸರು ಯಾರಾದರೂ ಹಾಕ್ತಾರಾ ಮಾರಾಯ್ರೆ? ಹೆಸರು ಕಂಡರೆ ಅಲ್ಲಿ ಚುಕ್ಕಿ ಇತ್ತು ಅಂತ ಗೊತ್ತಾಗ್ತದೆ ಅಲ್ವಾ?”

ಎರಡು ವರ್ಷದ ಹಿಂದೆ ಶಿರ್ವದ ಒಲಿಂಡಾ ಎಂಬ ನಿವೃತ್ತ ಟೀಚರು ಒಂದು ಬಿಸ್ಕತ್ತಿನ ಡಬ್ಬಿ ತಂದು ಈ ಮೇಜಿನ ಮೇಲಿಟ್ಟರು. ಒಳಗೆ ಅರವತ್ತನಾಲ್ಕು ನೆಗೆಟಿವ್‌ಗಳು. ತೆಗೆದವರು ಅವರ ತಂದೆ ಇಮ್ಯಾನುಯೆಲ್. ಹಲವು ದೇಶಗಳ ಸೈನ್ಯ ಒಂದಾಗಿ ಕೊರಿಯಾ ಪರ್ಯಾಯ ದ್ವೀಪದಲ್ಲಿ ಹೋರಾಡುತ್ತಿದ್ದಾಗ, ಭಾರತದಿಂದ ಹೋದ ವೈದ್ಯಕೀಯ ತುಕಡಿಯಲ್ಲಿ ಅವರು ಗಾಯಾಳುಗಳನ್ನು ಹೊರುತ್ತಿದ್ದರು. ಅದು ೧೯೫೦ರ ಚಳಿಗಾಲ, ಎಲ್ಲರೂ ದಕ್ಷಿಣಕ್ಕೆ ಹಿಂದೆ ಸರಿಯುತ್ತಿದ್ದ ದಿನಗಳು. ನೆಗೆಟಿವ್‌ಗಳಲ್ಲಿ ಹೆಪ್ಪುಗಟ್ಟಿದ ನದಿ, ಸಾಲುಗಟ್ಟಿದ ಲಾರಿಗಳು, ನಾಲ್ಕು ದೇಶದ ನಾಲ್ಕು ಬಗೆಯ ಟೊಪ್ಪಿಯವರು ಒಂದೇ ಒಲೆಗೆ ಕೈಯೊಡ್ಡಿ ನಿಂತದ್ದು. ಕೊರಿಯಾದ ಹಿಮ ಏನೂ ಮಾಡದ ಆ ಫಿಲ್ಮನ್ನು ಶಿರ್ವದ ಮಳೆಗಾಲಗಳು ತಿಂದಿದ್ದವು. ಡಬ್ಬಿಯ ತುಂಬ ಬೂಷ್ಟು.

ಈ ಕೆಲಸದ ಭಯ ಎಂಥದ್ದೆಂದು ತಿಳಿಯಬೇಕಾದರೆ ಒಂದು ಸಂಗತಿ ಗೊತ್ತಿರಬೇಕು. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು: ಬಿಳಿ ಹಿಮ ಕಪ್ಪಾಗಿ ಕಾಣುತ್ತದೆ. ಬೂಷ್ಟು ತಿಂದ ಕಡೆ ಆ ಕಪ್ಪಿನಲ್ಲಿ ಸಣ್ಣ ತೂತು ಬಿದ್ದು ಬೆಳಕು ತೂರಿ ಬರುತ್ತದೆ. ಸುಗಂಧಿ ಆ ತೂತಿಗೆ ಒಂದು ತೊಟ್ಟು ಶಾಯಿ ತುಂಬಿದರೆ ಪ್ರಿಂಟಿನಲ್ಲಿ ಹಿಮ ಮತ್ತೆ ಬೆಳ್ಳಗಾಗುತ್ತದೆ. ಆದರೆ ದೂರದ ಹಿಮದಲ್ಲಿ ಕಪ್ಪು ಕೋಟಿನ ಮನುಷ್ಯನೊಬ್ಬ ನಿಂತಿದ್ದರೆ? ನೆಗೆಟಿವ್‌ನಲ್ಲಿ ಅವನೂ ಅಷ್ಟೇ ದೊಡ್ಡ, ಅಂಥದೇ ಒಂದು ತೂತು.

ಕಳೆದ ಜೂನ್‌ನಲ್ಲಿ ನಲವತ್ತೊಂದನೆಯದರ ಗುಡ್ಡದ ತುದಿಯಲ್ಲಿದ್ದ ಒಂದು ತೂತನ್ನು ಸುಗಂಧಿ ಮುಚ್ಚಿದರು. ಕೈಗೆ ಮೂವತ್ತೇಳು ವರ್ಷದ ಅಭ್ಯಾಸ. ಚುಕ್ಕಿ ಕಂಡರೆ ಅದು ತಾನಾಗಿ ಹೋಗುತ್ತದೆ. ವಾರ ಬಿಟ್ಟು ನಲವತ್ತೆರಡನೆಯದನ್ನು ದೀಪದ ಮೇಲಿಟ್ಟರು. ಅದೇ ಗುಡ್ಡ, ಅದೇ ನದಿ. ಅದೇ ಚುಕ್ಕಿ ಮಾತ್ರ ಗುಡ್ಡದ ನಡುವಿಗೆ ಇಳಿದಿತ್ತು.

“ಬೂಷ್ಟು ನಡೆಯುವುದಿಲ್ಲ ಅಲ್ವಾ?” ಸುಗಂಧಿಯವರ ದನಿ ಇಳಿಯುತ್ತದೆ. “ಮೇಲಿಂದ ಹಿಮ ಹಾಕಿ ಒಬ್ಬ ಮನುಷ್ಯನನ್ನು ಮುಚ್ಚಿಬಿಟ್ಟಿದ್ದೆ. ಅದಕ್ಕಿಂತ ಮೊದಲು ಎಷ್ಟು ಜನರನ್ನು ಮುಚ್ಚಿದ್ದೇನೋ, ಯಾರಿಗೆ ಗೊತ್ತು?”

ಶಾಯಿ ಫಿಲ್ಮಿನೊಳಗೆ ಹೀರಿಹೋಗಿತ್ತು. ಬ್ಲೇಡಿನ ಮೊನೆಯಿಂದ ಕೆರೆದರೆ ಮತ್ತೆ ತೂತು ಮಾಡಬಹುದು. ಅದನ್ನು ಅವರು ಮಾಡಲಿಲ್ಲ. “ಹಾಗೆ ಮಾಡಿದರೆ ಅದು ನಾನು ಕೆತ್ತಿದ ಮನುಷ್ಯ ಆಗ್ತದೆ. ಅವರು ಅಲ್ಲ.”

ಆಮೇಲೆ ಅವರೇ ಒಂದು ಪರೀಕ್ಷೆ ಕಂಡುಕೊಂಡರು. ಟಾರ್ಚನ್ನು ಓರೆಯಾಗಿ ಹಿಡಿದರೆ ಬೂಷ್ಟು ತಿಂದಲ್ಲಿ ಗುಂಡಿಯ ಅಂಚು ಮಿನುಗುತ್ತದೆ; ಮನುಷ್ಯ ನಿಂತಲ್ಲಿ ಫಿಲ್ಮು ನುಣುಪು. ಮಿನುಗದ ಚುಕ್ಕಿ ಕಂಡಾಗೆಲ್ಲ ಕತ್ತಲಲ್ಲಿ ಯಾರೋ ತಿರುಗಿ ನೋಡಿದಂತೆ ಆಗುತ್ತದೆಯಂತೆ. ಮಣಿಪಾಲದಲ್ಲಿ ಸ್ಕ್ಯಾನಿಂಗ್ ಲ್ಯಾಬ್ ಇಟ್ಟಿರುವ ಕ್ಲಾಯ್ಡ್ ಒಮ್ಮೆ ಸಮಾಧಾನ ಹೇಳಲು ನೋಡಿದ್ದರು. ಸುಗಂಧಿ ಅವರ ಗಂಟಲನ್ನೇ ಎರವಲು ಪಡೆದವರಂತೆ ಅನುಕರಿಸುತ್ತಾರೆ: “‘ಅಕ್ಕಾ, ಯಾಕೆ ಟೆನ್ಶನ್? ಡಸ್ಟ್ ರಿಮೂವ್, ಒನ್ ಕ್ಲಿಕ್!’ ಅಂತ ಒತ್ತಿದ. ಗುಡ್ಡ ಕ್ಲೀನ್. ಗುಡ್ಡ ಹತ್ತುತ್ತಿದ್ದ ಹನ್ನೊಂದು ಜನವೂ ಕ್ಲೀನ್! ಅವನಿಗಾದರೆ ಅನ್‌ಡೂ ಉಂಟು. ನನಗೆಲ್ಲಿ ಉಂಟು?” ಅಂದಿನಿಂದ ಸ್ಕ್ಯಾನ್ ಆಗದೆ ಯಾವ ನೆಗೆಟಿವ್‌ಗೂ ಶಾಯಿ ಮುಟ್ಟಿಸುವುದಿಲ್ಲ. ನಲವತ್ತೊಂದು ಆ ನಿಯಮಕ್ಕಿಂತ ಹಿಂದಿನದು.

ಒಲಿಂಡಾರಿಗೆ ಈ ವಿಷಯ ಹೇಳಲು ಸುಗಂಧಿಯವರಿಗೆ ನಾಲ್ಕು ತಿಂಗಳು ಧೈರ್ಯ ಬರಲಿಲ್ಲ. ಯಾಕೆಂದರೆ ನಲವತ್ತೊಂದರಿಂದ ನಲವತ್ತಮೂರರವರೆಗಿನ ಆ ಮೂರು ಚಿತ್ರಗಳು ಒಲಿಂಡಾರ ಮನೆಯ ಕತೆ. ಇಮ್ಯಾನುಯೆಲ್ ತೀರಿಕೊಳ್ಳುವವರೆಗೂ ಹೇಳುತ್ತಿದ್ದರಂತೆ: “ನಮ್ಮ ಲಾರಿಯೇ ಕೊನೆಯದು. ಮೂರು ಫೋಟೊ ಹೊಡೆಯುವಷ್ಟು ಹೊತ್ತು ಕಾದೆವು. ಯಾರೂ ಬರಲಿಲ್ಲ. ಹೊರಟೆವು.” ಆದರೂ ಪ್ರತಿ ನವೆಂಬರಿನ ಸತ್ತವರ ದಿನ ಅವರು ಚರ್ಚಿನಲ್ಲಿ ಒಂದು ಪೂಜೆ ಹೇಳಿಸುತ್ತಿದ್ದರು, ಹೆಸರಿಲ್ಲದವರಿಗಾಗಿ. ಯಾರಿಗೆಂದು ಮನೆಯವರು ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಈ ನವೆಂಬರಿನಲ್ಲಿ ಶಿರ್ವದ ಸಭಾಭವನದಲ್ಲಿ ಅವರ ಚಿತ್ರಗಳ ಪ್ರದರ್ಶನವಿದೆ. “ಕೊನೆಯವರೆಗೂ ಕಾದವರು” ಎಂದು ಬ್ಯಾನರ್ ಕೂಡ ಅಚ್ಚಾಗಿದೆ.

ನಲವತ್ತಮೂರು ಅತಿ ಕೆಟ್ಟಿದ್ದ ನೆಗೆಟಿವ್; ಅದನ್ನು ಬದಿಗಿಟ್ಟು ಮುಂದಿನ ಕೆಲವನ್ನು ಮೊದಲು ಮುಗಿಸಿದ್ದರು. ಮೇಲೆ ಉಣ್ಣೆಯಂತೆ ಬೂಷ್ಟು, ಕೆಳಗೆ ಊದಿದರೂ ಪದರು ಎದ್ದು ಬರುವಂಥ ಫಿಲ್ಮು. ಹತ್ತೊಂಬತ್ತು ಬೆಳಗು ಒಣ ಬ್ರಶ್ಶಿನಿಂದ ಎಳೆ ಎಳೆಯಾಗಿ ಬಿಡಿಸಿದರು. ಗುಡ್ಡದ ಮೇಲಿನ ಚುಕ್ಕಿಗಳೆಲ್ಲ ಮಿನುಗಿದವು, ಎಲ್ಲವೂ ಬೂಷ್ಟಿನವು. ಇಪ್ಪತ್ತನೆಯ ಬೆಳಗು ಟಾರ್ಚು ಕೆಳಗಿನ ಮೂಲೆಗೆ, ನದಿಯ ದಡಕ್ಕೆ ಬಂತು. ಅಲ್ಲಿ ಎಳ್ಳಿನಷ್ಟು ದೊಡ್ಡದೊಂದು ಮಿನುಗದೆ ನಿಂತಿತ್ತು. ಅದಕ್ಕೆ ಕಾಲುಗಳಿದ್ದವು. ಮೇಲೆತ್ತಿದ ಒಂದು ಕೈಯೂ ಇತ್ತು.

ಸುಗಂಧಿ ಒಲಿಂಡಾರಿಗೆ ಫೋನ್ ಮಾಡಿದರು. “ಕ್ಲಾಯ್ಡ್‌ಗೆ ಕೊಡುವ ಮೊದಲು ನೀವು ನೋಡಬೇಕು ಬಾಯಮ್ಮ.” ಎಪ್ಪತ್ತೊಂದರ ಒಲಿಂಡಾ ಮರುದಿನ ಕತ್ತಲಿರುವಾಗಲೇ ಶಿರ್ವದಿಂದ ರಿಕ್ಷಾ ಮಾಡಿಕೊಂಡು ಬಂದು, ಕಂಬಿ ಹಿಡಿದು ಮಾಳಿಗೆ ಹತ್ತಿದರು. ಸುಗಂಧಿ ಮೊದಲು ತಮ್ಮ ತಪ್ಪು ಹೇಳಿದರು. ಆಮೇಲೆ ಭೂತಗನ್ನಡಿ ಕೊಟ್ಟರು.

ಒಲಿಂಡಾ ಬಹಳ ಹೊತ್ತು ಬಗ್ಗಿಯೇ ಇದ್ದರು. “ಇಷ್ಟು ಹತ್ತಿರ,” ಎಂದರು. “ಇವನು ಕೂಗಿದ್ದರೆ ಕೇಳ್ತಿತ್ತು.” ಆಮೇಲೆ ತಲೆ ಎತ್ತದೆಯೇ, “ನಲವತ್ತೊಂದರಲ್ಲಿ ಮುಚ್ಚಿದ್ದು ಯಾರಿಗಾದರೂ ಗೊತ್ತಾಗ್ತದಾ ಸುಗಂಧಿ?”

“ಇಲ್ಲ.”

“ಹಾಗಾದರೆ ಇದನ್ನೂ ಮುಚ್ಚಿಬಿಡು. ಒಂದು ಚುಕ್ಕಿ, ಅಷ್ಟೇ ಅಲ್ವಾ? ಸಭಾಭವನದ ತುಂಬ ಜನ ಬರ್ತಾರೆ. ಪಪ್ಪಾ ಬಿಟ್ಟು ಬಂದರು ಅಂತ ಹೇಳ್ತಾರೆ.”

ಶಾಯಿಯ ಬಟ್ಟಲು ಮೇಜಿನ ಮೇಲೇ ಇತ್ತು. ಸುಗಂಧಿ ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. ಅದರ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ.

“ಒಮ್ಮೆ ಗೊತ್ತಿಲ್ಲದೆ ಮುಚ್ಚಿದೆ ಬಾಯಮ್ಮ. ಗೊತ್ತಿದ್ದು ಮುಚ್ಚಲಿಕ್ಕೆ ನನ್ನಿಂದ ಆಗುವುದಿಲ್ಲ. ಬೇಕಾದರೆ ಡಬ್ಬಿ ತಕೊಂಡು ಹೋಗಿ.”

“ನನ್ನ ಪಪ್ಪಾ ಸುಳ್ಳು ಹೇಳುವವರಲ್ಲ!”

“ಅದು ನನಗೆ ಗೊತ್ತಿಲ್ಲ. ಆದರೆ ಅವರು ಇದನ್ನು ಬಿಸಾಡಲಿಲ್ಲ ಅಲ್ವಾ? ಒಂದು ಬೆಂಕಿಕಡ್ಡಿ ಸಾಕಿತ್ತು. ನಲವತ್ತು ವರ್ಷ ಇಟ್ಟುಕೊಂಡರು.”

ಕೆಳಗೆ ಎಂಜಿನ್ ಗುಡುಗಿತು. ಕಾರ್ಕ್ಳ ಕಾರ್ಕ್ಳ ಕಾರ್ಕ್ಳ. ಮೇಜು ನಡುಗಿತು, ಗಾಜಿನ ಮೇಲಿನ ಪುಟ್ಟ ಕೈಯೂ ನಡುಗಿತು, ಯಾರನ್ನೋ ನಿಲ್ಲಿಸಲು ಬೀಸಿದ ಹಾಗೆ. ಒಲಿಂಡಾ ಶಿಲುಬೆಯ ಗುರುತು ಹಾಕಿಕೊಂಡು ಕುರ್ಚಿಯಲ್ಲಿ ಕುಳಿತರು. ಬಸ್ಸು ತಿರುವು ದಾಟಿ ಸದ್ದಡಗಿದ ಮೇಲೆ ಹೇಳಿದರು: “ಮೂರನ್ನೂ ಸಾಲಾಗಿ ಹಾಕಿಸ್ತೇನೆ. ಆ ಬ್ಯಾನರ್ ಬೇಡ.”

ಇನ್ನು ಹತ್ತು ನೆಗೆಟಿವ್ ಬಾಕಿ. ಭಯ ಹೋಗಿದೆಯೇ ಎಂದರೆ ಸುಗಂಧಿ ತಲೆಯಾಡಿಸುತ್ತಾರೆ. “ಹೋಗುವುದು ಬೇಡ. ಭಯ ಇದ್ದರೆ ಕೈ ನಿಧಾನ ಹೋಗ್ತದೆ.” ಅವರದ್ದೊಂದು ಸಣ್ಣ ಕೋರಿಕೆಗೆ ಒಲಿಂಡಾ ಒಪ್ಪಿದ್ದಾರೆ. ನಲವತ್ತೊಂದರ ಕೆಳಗೆ ಅಂಟಿಸಲು ಒಂದು ಚೀಟಿ ಆಗಲೇ ತಯಾರಾಗಿ ಮೇಜಿನಲ್ಲಿದೆ: “ಇಲ್ಲಿ ಒಬ್ಬರಿದ್ದರು. ಮುಚ್ಚಿದ್ದು ನಾನು. ಸುಗಂಧಿ, ಮಟ್ಟು.”

ಚೀಟಿಯನ್ನು ತೋಳಿನಷ್ಟು ದೂರ ಹಿಡಿದು ನೋಡುತ್ತಾರೆ. “ಹೆಸರಿನ ಅಕ್ಷರ ಸ್ವಲ್ಪ ದೊಡ್ಡದಾಯ್ತಾ ಎಂತ?” ಎಂದು ತಮಗೆ ತಾವೇ ಕೇಳಿಕೊಂಡು, ಚೀಟಿಯನ್ನು ಮತ್ತೆ ಮೇಜಿನಲ್ಲಿಟ್ಟು, “ಇರಲಿ,” ಎನ್ನುತ್ತಾರೆ.