ಪಾರಕ್ಕನ ಎಡಗೈ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ದೆವ್ವದ ಕಥೆ ಹೇಳುವವರನ್ನು ಕಂಡರೆ ಗೇಲಿ ಮಾಡುತ್ತಿದ್ದವಳು ನಾನು. ಆದರೆ ಇದು ನಾನೇ ಕಣ್ಣಾರೆ ಕಂಡದ್ದು...

ಮುನವಳ್ಳಿಯ ಮನೆಯಲ್ಲೇ ಕುಳಿತು ಚಿಕ್ಕ ಮಕ್ಕಳ ಆನ್‌ಲೈನ್ ಪಾಠಕ್ಕೆ ಕಾರ್ಟೂನ್ ಮಾಡುವುದು ನನ್ನ ಕೆಲಸ. ಪಾಠ ಹೇಳುವ ಪಾರಕ್ಕ ನಾನೇ ಬಿಡಿಸಿದ ಗೊಂಬೆ, ದನಿಯೂ ನನ್ನದೇ. ಇಳಕಲ್ ಸೀರೆ, ಹಣೆ ತುಂಬ ಕುಂಕುಮ. ಬಿಡಿಸುವ ಕೆಲಸ ಕಡಿಮೆಯಾಗಲೆಂದು ಅವಳ ಎಡಗೈಯನ್ನು ಸೆರಗಿನಡಿ ಮುಚ್ಚಿಬಿಟ್ಟಿದ್ದೆ. ಆ ಕೈಯನ್ನು ನಾನು ಬಿಡಿಸಿಯೇ ಇಲ್ಲ. ಪ್ರಶ್ನೆ ಕೇಳಿದ ಮೇಲೆ, ಮಕ್ಕಳು ಉತ್ತರಿಸಲೆಂದು ಪಾರಕ್ಕ ತುಸು ಹೊತ್ತು ಸುಮ್ಮನೆ ಕಣ್ಣು ಮಿಟುಕಿಸುತ್ತಾಳೆ. ಪಾಠ ಮುಗಿದಾಗ "ಹೋಗಿ ಬರತೇನಿ" ಎನ್ನುತ್ತಾಳೆ.

ನೇಸರಗಿ ಹತ್ತಿರದ ಹಳ್ಳಿಯಿಂದ ಬಸವರಾಜ ಎಂಬ ರೈತ ಫೋನ್ ಮಾಡಿದ.

"ಅಕ್ಕಾರ, ಹೆಂಡ್ತಿ ತೀರಿಕೊಂಡಾಗಿಂದ ನನ್ನ ಮಗಳು ಸಾವಿತ್ರಿ ಯಾರ ಜೋಡಿನೂ ಮಾತಾಡವಲ್ಲಳ್ರಿ. ಸಾಲಿಗೂ ಹೋಗವಲ್ಲಳು. ನಿಮ್ಮ ಪಾರಕ್ಕನ ಜೋಡಿ ಅಷ್ಟ ಮಾತು. ಒಮ್ಮಿ ಬಂದು ನೋಡ್ರಿ."

ನನಗೋ ಹಿಗ್ಗೇ ಹಿಗ್ಗು. ಮರುದಿನವೇ ಹೊರಟೆ.

ಅವರ ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು ದಾಟಿತ್ತು. ಕರೆಂಟ್ ಇರಲಿಲ್ಲ. ಒಳಗೆ ಲೋಬಾನದ ವಾಸನೆ, ಹಿತ್ತಲಲ್ಲಿ ಎಮ್ಮೆಯ ಸರಪಳಿ ಸದ್ದು... ಪುಟ್ಟ ಸಾವಿತ್ರಿ ಕಂಬಕ್ಕೆ ಮೊಬೈಲ್ ಆನಿಸಿಟ್ಟು ಕುಳಿತಿದ್ದಳು.

"ನಾಲ್ಕು ಮಾವಿನಹಣ್ಣಾಗ ಒಂದು ತಿಂದ್ರ ಎಷ್ಟು ಉಳಿತಾವು?" ಪಾರಕ್ಕನ ಬಾಯಲ್ಲಿ ನನ್ನದೇ ದನಿ.

"ಮೂರು."

ಈಗ ಪಾರಕ್ಕ "ಶಾಬಾಸ್" ಎನ್ನಬೇಕು. ಅನ್ನಲಿಲ್ಲ. ನೋಡುತ್ತಲೇ ಇದ್ದಳು... ಮೊಬೈಲ್ ಹ್ಯಾಂಗ್ ಆಗಿರಬೇಕು ಅಂದುಕೊಂಡೆ. ಆದರೆ ಕಣ್ಣು ಮಿಟುಕುತ್ತಿದ್ದವು.

"ಯವ್ವಾ, ಜಡಿ ಹಾಕ..." ಎಂದು ಪಿಸುಗುಟ್ಟಿದ ಹುಡುಗಿ, ಮೊಬೈಲಿಗೆ ಬೆನ್ನು ಮಾಡಿ ಕುಳಿತಳು.

ಪಾರಕ್ಕನ ಸೆರಗು ಅಲುಗಿತು. ಅದರಡಿಯಿಂದ ಎಡಗೈ ಹೊರಗೆ ಬಂತು... ಕೈತುಂಬ ಹಸಿರು ಬಳೆ. ಬಳೆಯ ಸದ್ದು ಮೊಬೈಲಿನಿಂದ ಬರಲಿಲ್ಲ, ನನ್ನ ಮಗ್ಗುಲಿನಿಂದಲೇ ಬಂತು. ಗಪ್ಪನೆ ಕೊಬ್ಬರಿ ಎಣ್ಣೆಯ ವಾಸನೆ.

ಬಸವರಾಜನ ತಾಯಿ ನೀಲವ್ವ ನನ್ನ ಮುಂಗೈ ಗಟ್ಟಿಯಾಗಿ ಹಿಡಿದು ಅಡುಗೆಮನೆಗೆ ಎಳೆದೊಯ್ದಳು.

"ನಮ್ಮ ಸೊಸಿ ಎಡಚಿ ಇದ್ಲವಾ. ಹಸರ ಬಳಿ ಇಡಿಸಿ, ಉಡಿ ತುಂಬಿ ಮಣ್ಣು ಮಾಡೇವಿ. ಸತ್ತವರ ಮನಿಯಿಂದ ಏಳೂಮುಂದ ಯಾರರ 'ಹೋಗಿ ಬರತೇನಿ' ಅಂತಾರೇನು? ನಿನ್ನ ಗೊಂಬಿ ದಿನಾ ಅಂತೈತಿ. ಕೂಸು ದಿನಾ 'ಬಾರವ್ವ' ಅಂತೈತಿ. ಅಕಿ ಬರದ ಏನ್ ಮಾಡ್ಯಾಳು? ಆ ಮಾತು ತಗದ ಹಾಕು. ಇಲ್ಲಂದ್ರ ಕೂಸನ್ನೂ ಕರಕೊಂಡು ಹೋಗತಾಳ."

ಬಾಗಿಲಲ್ಲಿ ನಿಂತಿದ್ದ ಬಸವರಾಜ ಕೇಳಿದ: "ತಗದ್ರ... ನನ್ನ ಮಗಳು ಮತ್ತ ಮಾತು ಬಿಟ್ರ?"

ಮನೆಗೆ ಬಂದವಳೇ ಮೈಕ್ ಮುಂದೆ ಕುಳಿತೆ. "ನಾ ಇನ್ನ ಹೋಗತೇನಿ. ನೀ ಸಾಲಿಗೆ ಹೋಗು, ಎಲ್ಲಾರ ಜೋಡಿ ಮಾತಾಡು." ಇಷ್ಟು ಹೇಳುವಷ್ಟರಲ್ಲಿ ಅತ್ತುಬಿಟ್ಟೆ. ಮಗುವಿನಿಂದ ತಾಯಿಯನ್ನು ಅಗಲಿಸುವ ಪಾಪ ನನ್ನ ಪಾಲಿಗೇ ಬರಬೇಕೆ? ಹಳೆಯ ಪಾಠ ತೆಗೆದು ಹೊಸದನ್ನು ಹಾಕಿದೆ.

ಕೆಲವು ದಿನಗಳ ಮೇಲೆ, ರಾತ್ರಿ ಊಟದ ಹೊತ್ತಿಗೆ ಬಸವರಾಜನ ಫೋನ್ ಬಂತು. "ಅಕ್ಕಾರ, ನಿಮ್ಮ ಉಪಕಾರ ಮರೆಯಂಗಿಲ್ರಿ. ಸಾಲಿಗೆ ಹೊಂಟಾಳ, ಅಳ್ಳು ಹುರಿದ್ಹಂಗ ಮಾತಾಡಾಕತ್ತಾಳ. ತಗೋರಿ, ಮಾತಾಡ್ರಿ."

ಎದೆಯ ಮೇಲಿನ ಕಲ್ಲು ಇಳಿಯಿತು. ಸಾವಿತ್ರಿ ಫೋನ್ ತೆಗೆದುಕೊಂಡಳು.

"ಅಕ್ಕಾರ, ಅವ್ವ ಈಗ ನಮ್ಮ ಮನ್ಯಾಗ ಇಲ್ರಿ."

"ಹೌದವಾ, ದೇವರ ಹತ್ರ ಹೋಗ್ಯಾಳ."

ಹುಡುಗಿ ದನಿ ತಗ್ಗಿಸಿದಳು...

"ನಿಮಗ ಸಣ್ಣ ಮಗಳು ಅದಾಳೇನ್ರಿ? ಹೋಗೂಮುಂದ ಅವ್ವ ಕೇಳಾಕತ್ತಿದ್ಲು."

ಪಕ್ಕದ ಕೋಣೆಯಲ್ಲಿ ನನ್ನ ಮಗಳು ಮಲಗಿದ್ದಳು.

"ನನಗ ಮಕ್ಕಳಿಲ್ಲವ್ವ," ಎಂದೆ. ಆ ಸುಳ್ಳನ್ನು ಬೇಕೆಂದೇ ಗಟ್ಟಿಯಾಗಿ ಹೇಳಿದೆ, ಮನೆಯಲ್ಲೆಲ್ಲ ಕೇಳಿಸುವಂತೆ... ಯಾರಿಗೆ ಕೇಳಿಸಲೆಂದು ಮಾತ್ರ ನನ್ನನ್ನು ಕೇಳಬೇಡಿ.